ಬೇಲಿ ಓತಿಯ ರಕ್ತದಲ್ಲಿ ಮಲೇರಿಯಾ: ಹೋಪ್‌ಲ್ಯಾಂಡ್‌ನ ಒಂದು ಪ್ರಕರಣ

ಓತಿಕ್ಯಾತನಿಗೆ ಬೇಲಿಗೂಟ ಸಾಕ್ಷಿ ಎಂಬ ಗಾದೆಯನ್ನು ನಾವು ನಂಬಲಾಗದ ಸಾಕ್ಷಿಯನ್ನು ಹಳಿಯಲು ಬಳಸುತ್ತೇವೆ. ಉತ್ತರ ಕ್ಯಾಲಿಫೋರ್ನಿಯಾದ ಮೆಂಡೊಸಿನೊ ಕೌಂಟಿಯಲ್ಲಿ ಹೆಸರಿನಲ್ಲೇ ಬೇಲಿಯನ್ನು ಹೊತ್ತ ಒಂದು ಓತಿ ಇದೆ. ಇಂಗ್ಲಿಷಿನಲ್ಲಿ ಅದು ವೆಸ್ಟರ್ನ್ ಫೆನ್ಸ್ ಲಿಝರ್ಡ್, ವಿಜ್ಞಾನದ ಹೆಸರು ಸ್ಕೆಲೋಪೊರಸ್ ಆಕ್ಸಿಡೆಂಟ್ಯಾಲಿಸ್. ಈ ಓತಿಯ ಆರೋಗ್ಯದ ವಿಷಯದಲ್ಲಿ ಬೇಲಿಗೂಟದ ಸಾಕ್ಷಿ ನಿಜಕ್ಕೂ ನಂಬತಕ್ಕದ್ದಲ್ಲ. ಗೂಟಗಳ ಮೇಲೆ, ಬಂಡೆಗಳ ಮೇಲೆ, ಬಿದ್ದ ಓಕ್ ಮರದ ದಿಮ್ಮಿಗಳ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತಿರುವ ನಾಲ್ಕು ಓತಿಗಳಲ್ಲಿ ಒಂದರ ರಕ್ತದಲ್ಲಿ ಮಲೇರಿಯಾದ ಪರಾವಲಂಬಿ ಇದ್ದರೂ, ಯಾವುದರಲ್ಲಿದೆ ಎಂದು ಕಣ್ಣಳತೆಯಿಂದ ಹೇಳುವುದು ಕಷ್ಟ. ರೋಗವಿದ್ದ ಪ್ರಾಣಿ ಮಂಕಾಗಿ ಕೂರುವುದಿಲ್ಲ, ಹತ್ತಿರ ಹೋದರೆ ಉಳಿದವುಗಳಷ್ಟೇ ಚುರುಕಾಗಿ ಓಡಿಹೋಗುತ್ತದೆ.

ಹಾಗಾದರೆ ಈ ಸೋಂಕಿನಿಂದ ಓತಿಗೆ ಏನು ನಷ್ಟ? ನಷ್ಟವಿದ್ದರೆ ಅದನ್ನು ಎಲ್ಲಿ ಹುಡುಕಬೇಕು? ಸರೀಸೃಪಗಳ ಮಲೇರಿಯಾ ಕುರಿತ ಸಂಶೋಧನೆಯಲ್ಲಿ ಈ ಪ್ರಶ್ನೆಗೆ ದೀರ್ಘಕಾಲ ಒಂದೇ ಜಾಗದಲ್ಲಿ ನಿಂತು ಉತ್ತರ ಹುಡುಕಿದ ಪ್ರಕರಣವೆಂದರೆ ಹೋಪ್‌ಲ್ಯಾಂಡ್‌ನದು. ಪ್ರಸ್ತುತ ಬರಹ ಆ ಒಂದು ಪ್ರಕರಣಕ್ಕೆ ಸೀಮಿತವಾಗಿದೆ.

ಜಾಗ ಮತ್ತು ಹಿಡಿಯುವ ಬಗೆ

ಹೋಪ್‌ಲ್ಯಾಂಡ್ ಸಂಶೋಧನಾ ಕೇಂದ್ರವು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಸೇರಿದ, ಸುಮಾರು 5,300 ಎಕರೆ ವಿಸ್ತಾರದ ಗುಡ್ಡಗಾಡು. 1951ರಲ್ಲಿ ಆರಂಭವಾದ ಈ ಕೇಂದ್ರದಲ್ಲಿ ಕುರಿ ಸಾಕಣೆ ಮತ್ತು ಹುಲ್ಲುಗಾವಲಿನ ಅಧ್ಯಯನಕ್ಕೆ ಮೊದಲಿಂದಲೂ ಪ್ರಾಶಸ್ತ್ಯ. ಓಕ್ ಮರಗಳ ನಡುವೆ ಹುಲ್ಲು, ಹುಲ್ಲಿನ ನಡುವೆ ಬಂಡೆ, ನೆಲದ ತುಂಬ ನೆಲ ಅಳಿಲುಗಳ ಬಿಲ: ಈ ಮೂರನೆಯ ಸಂಗತಿ ಮುಂದೆ ನಮ್ಮ ಕಥೆಯ ಮಧ್ಯಕ್ಕೆ ಬರಲಿದೆ. ವರ್ಮಾಂಟ್ ವಿಶ್ವವಿದ್ಯಾಲಯದ ಜೋಸ್ ಶಾಲ್ ಅವರು 1978ರಲ್ಲಿ ಇಲ್ಲಿ ಓತಿಗಳ ರಕ್ತ ಪರೀಕ್ಷೆಯನ್ನು ಆರಂಭಿಸಿ, ತಮ್ಮ ವಿದ್ಯಾರ್ಥಿಗಳೊಂದಿಗೆ ಅದನ್ನು ದಶಕಗಳ ಕಾಲ ನಡೆಸಿದರು.

ಓತಿಯನ್ನು ಹಿಡಿಯುವುದಕ್ಕೆ ದೊಡ್ಡ ಸಲಕರಣೆಯೇನೂ ಬೇಕಿಲ್ಲ. ಮೀನಿನ ಗಾಳದಂಥ ಉದ್ದನೆಯ ಕೋಲಿನ ತುದಿಗೆ ನೂಲಿನ ಜಾರುಕುಣಿಕೆ ಕಟ್ಟಿ, ದೂರದಿಂದಲೇ ಅದನ್ನು ಓತಿಯ ಕತ್ತಿಗೆ ಇಳಿಸಿ ಮೆಲ್ಲನೆ ಎತ್ತಿದರೆ ಸಾಕು. ಹುಲ್ಲುಕಡ್ಡಿಯ ಕುಣಿಕೆಯಿಂದ ಓತಿಕ್ಯಾತ ಹಿಡಿದ ಹುಡುಗರಿಗೆ ಈ ವಿಧಾನವನ್ನು ಹೇಳಿಕೊಡಬೇಕಾಗಿಲ್ಲ. ಅಂಗೈ ಮೇಲೆ ಮಲಗಿಸಿದಾಗ ಗಂಡಿನ ಹೊಟ್ಟೆಯ ಎರಡೂ ಪಕ್ಕದಲ್ಲಿ ಗಾಢ ನೀಲಿ ಪಟ್ಟೆ ಕಾಣುತ್ತದೆ. ಕಾಲ್ಬೆರಳ ತುದಿಯಿಂದ ತೆಗೆದ ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ತೆಳುವಾಗಿ ಎಳೆದು, ಜೀಮ್ಸಾ ಬಣ್ಣ ಹಾಕಿ, ಸಾವಿರ ಪಟ್ಟು ಹಿಗ್ಗಿಸುವ ಸೂಕ್ಷ್ಮದರ್ಶಕದ ಅಡಿಯಲ್ಲಿಡುತ್ತಾರೆ. ಜ್ವರ ಬಂದವರ ಬೆರಳು ಚುಚ್ಚಿ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೆಗೆಯುವ ರಕ್ತಲೇಪನವೂ ಇದೇ. ವ್ಯತ್ಯಾಸ ಒಂದೇ: ಮನುಷ್ಯನ ಕೆಂಪು ರಕ್ತಕಣಕ್ಕೆ ಕೋಶಕೇಂದ್ರವಿಲ್ಲ, ಓತಿಯ ಕಣಕ್ಕೆ ಇದೆ. ಆದ್ದರಿಂದ ಮೊಟ್ಟೆಯಾಕಾರದ ಪ್ರತಿ ಕಣದ ನಡುವೆ ನೇರಳೆ ಬಣ್ಣದ ಕೇಂದ್ರ, ಸೋಂಕಿದ್ದ ಕಣಗಳಲ್ಲಿ ಅದರ ಪಕ್ಕಕ್ಕೆ ಒತ್ತರಿಸಿಕೊಂಡು ಕುಳಿತ ಪರಾವಲಂಬಿ, ಅದರ ಮೈಯಲ್ಲಿ ಚಿನ್ನದ ಕಂದು ಬಣ್ಣದ ಹರಳುಪುಡಿ ಕಾಣುತ್ತವೆ. ಈ ಪುಡಿ ಹಿಮೋಗ್ಲೋಬಿನ್ ತಿಂದು ಉಳಿದ ಕಸ.

ಯಾವುದು ಮಲೇರಿಯಾ, ಯಾವುದಲ್ಲ

ಸರೀಸೃಪಗಳ ರಕ್ತದಲ್ಲಿ ಇಂಥ ಜೀವಿಗಳನ್ನು ಮೊದಲು ಕಂಡ ಕೆಲವರಲ್ಲಿ ಮೂವರ ಕೆಲಸ ನಮ್ಮ ಕಡೆಯ ಪ್ರಾಣಿಗಳ ಮೇಲೆಯೇ ನಡೆದಿತ್ತು. ಪ್ಲೇಗಿಗೂ ಇಲಿಯ ಚಿಗಟಕ್ಕೂ ಇರುವ ನಂಟನ್ನು 1898ರಲ್ಲಿ ಕರಾಚಿಯಲ್ಲಿ ತೋರಿಸಿದ ಫ್ರೆಂಚ್ ವೈದ್ಯ ಪೌಲ್-ಲೂಯಿ ಸಿಮೋಂ, ಭಾರತದ ಸಿಹಿನೀರಿನ ಆಮೆಯೊಂದರ ರಕ್ತದಲ್ಲಿ ಕಂಡ ಪರಾವಲಂಬಿಯನ್ನು 1901ರಲ್ಲಿ ವರ್ಣಿಸಿದರು. 1904ರಲ್ಲಿ ಕ್ಯಾಸ್ಟೆಲ್ಲಾನಿ ಮತ್ತು ವಿಲ್ಲಿ ಎಂಬವರು ಸಿಲೋನಿನ ಹಲ್ಲಿಯೊಂದರ ರಕ್ತದಲ್ಲಿ ಕಂಡ ಜೀವಿಗೆ ಸಿಮೋಂ ಅವರ ಗೌರವಾರ್ಥ ಹೀಮೋಸಿಸ್ಟಿಡಿಯಂ ಸಿಮೊಂಡಿ ಎಂದು ಹೆಸರಿಟ್ಟರು. ಅದು ಮರದ ತೊಗಟೆಗೆ ಮೈ ಒಪ್ಪಿಸಿಕೊಂಡು ಕೂರುವ ಹೆಮಿಡ್ಯಾಕ್ಟೈಲಸ್ ಲೆಶೆನಾಲ್ಟಿ. ದಕ್ಷಿಣ ಭಾರತದ ಮರಗಳ ಮೇಲೂ ಈ ಹಲ್ಲಿ ಸಾಮಾನ್ಯ.

ಆದರೆ ಇವೆರಡೂ ಕಟ್ಟುನಿಟ್ಟಾದ ಅರ್ಥದಲ್ಲಿ ಮಲೇರಿಯಾ ಅಲ್ಲ. ಅವು ರಕ್ತಕಣದೊಳಗೆ ಗಂಡು ಹೆಣ್ಣು ರೂಪಗಳಾಗಿ ಬೆಳೆಯುತ್ತವೆಯೇ ಹೊರತು ಅಲ್ಲಿ ಒಡೆದು ಸಂಖ್ಯೆ ಹೆಚ್ಚಿಸಿಕೊಳ್ಳುವುದಿಲ್ಲ. ರಕ್ತಕಣದೊಳಗೇ ಒಂದು ಹಲವಾಗಿ, ಕಣವನ್ನು ಸೀಳಿ, ಹೊಸ ಕಣಗಳಿಗೆ ನುಗ್ಗುವ ಗುಣವೇ ಪ್ಲಾಸ್ಮೋಡಿಯಂ ಕುಲದ ಗುರುತು, ಮತ್ತು ರಕ್ತಹೀನತೆಯ ಮೂಲವೂ ಅದೇ. ಹೋಪ್‌ಲ್ಯಾಂಡ್‌ನ ಓತಿಗಳಲ್ಲಿರುವುದು ಈ ಅರ್ಥದಲ್ಲಿ ನಿಜವಾದ ಮಲೇರಿಯಾ: ಪ್ಲಾಸ್ಮೋಡಿಯಂ ಮೆಕ್ಸಿಕಾನಂ. 1944ರಲ್ಲಿ ಥಾಂಪ್ಸನ್ ಮತ್ತು ಹಫ್ ಅವರು ಮೆಕ್ಸಿಕೋದ ಓತಿಗಳಿಂದ ಇದನ್ನು ವರ್ಣಿಸಿದ್ದರಿಂದ ಆ ಹೆಸರು. ಮನುಷ್ಯರಿಗೆ ಇದು ತಗುಲುವುದಿಲ್ಲ. ಸರೀಸೃಪಗಳ ಯಾವ ಮಲೇರಿಯಾವೂ ತಗುಲುವುದಿಲ್ಲ.

ಸೊಳ್ಳೆಯಿಲ್ಲದ ಮಲೇರಿಯಾ

ಮಲೇರಿಯಾ ಎಂದೊಡನೆ ಸೊಳ್ಳೆ ನೆನಪಾಗುವುದು ಸಹಜ. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಪರಾವಲಂಬಿಯನ್ನು ಕಂಡು, ಮರುವರ್ಷ ಕಲ್ಕತ್ತೆಯಲ್ಲಿ ಹಕ್ಕಿಗಳ ಮಲೇರಿಯಾದ ಇಡೀ ಚಕ್ರವನ್ನು ಬಿಡಿಸಿದಂದಿನಿಂದ ಪ್ಲಾಸ್ಮೋಡಿಯಂ ಇದ್ದಲ್ಲೆಲ್ಲ ಸೊಳ್ಳೆಯನ್ನು ಹುಡುಕುವುದೇ ವಾಡಿಕೆಯಾಯಿತು. ಫ್ಲಾರಿಡಾದ ಓತಿಗಳಲ್ಲಿರುವ ಪ್ಲಾಸ್ಮೋಡಿಯಂ ಫ್ಲಾರಿಡೆನ್ಸ್ ಕ್ಯೂಲೆಕ್ಸ್ ಸೊಳ್ಳೆಯಲ್ಲಿ ಬೆಳೆಯುತ್ತದೆ ಎಂಬುದು ಈ ವಾಡಿಕೆಗೆ ಒಪ್ಪುವಂತೆಯೇ ಇದೆ. ಕ್ಯಾಲಿಫೋರ್ನಿಯಾದ ಓತಿಗಳ ಲೆಕ್ಕ ಮಾತ್ರ ಬೇರೆಯಾಯಿತು. 1970ರಲ್ಲಿ ಸ್ಟೀಫನ್ ಅಯಾಲ ಮತ್ತು ಲೀ ಎಂಬವರು, ಈ ಪರಾವಲಂಬಿ ಬೆಳೆದು ಸೋಂಕು ಹರಡುವ ಹಂತಕ್ಕೆ ಬರುವುದು ಸೊಳ್ಳೆಯಲ್ಲಲ್ಲ, ಲುಟ್ಜೋಮಿಯಾ ಕುಲದ ಎರಡು ಜಾತಿಯ ಮರಳುನೊಣಗಳಲ್ಲಿ ಎಂದು ತೋರಿಸಿದರು.

ಮರಳುನೊಣ ನಮಗೆ ಅಪರಿಚಿತವಲ್ಲ. ಬಿಹಾರದ ಕಡೆ ಕಾಲಾ ಅಜಾರ್ ಹರಡುವುದು ಇದೇ ಗುಂಪಿನ ಇನ್ನೊಂದು ಕುಲದ ನೊಣ. ಎರಡು ಮೂರು ಮಿಲಿಮೀಟರ್ ಉದ್ದ, ಮೈತುಂಬ ರೋಮ, ಕೂತಾಗ ರೆಕ್ಕೆಗಳನ್ನು ಮೇಲಕ್ಕೆ ಎತ್ತಿ ಹಿಡಿಯುವ ಭಂಗಿ. ಸೊಳ್ಳೆಯಂತೆ ಗುಂಯ್‌ಗುಡದೆ ಸದ್ದಿಲ್ಲದೆ ಬರುತ್ತದೆ, ಹಾರುವುದಕ್ಕಿಂತ ಕುಪ್ಪಳಿಸುವುದೇ ಹೆಚ್ಚು. ಗಾಳಿ ಜೋರಾದರೆ, ಬಿಸಿಲು ಏರಿದರೆ, ತೇವ ಆರಿದರೆ ಅದು ಉಳಿಯದು. ಕ್ಯಾಲಿಫೋರ್ನಿಯಾದ ಬೇಸಗೆಯಲ್ಲಿ ಮಳೆಯೇ ಇಲ್ಲ, ಹುಲ್ಲು ಜೂನ್ ಹೊತ್ತಿಗೆ ಒಣಗಿ ಹೊಂಬಣ್ಣಕ್ಕೆ ತಿರುಗಿರುತ್ತದೆ. ಇಂಥಲ್ಲಿ ತಂಪೂ ತೇವವೂ ಉಳಿಯುವ ಜಾಗ ನೆಲ ಅಳಿಲುಗಳ ಬಿಲ. ಮರಳುನೊಣಗಳು ಹಗಲನ್ನು ಆ ಬಿಲಗಳಲ್ಲಿ ಕಳೆದು ಕತ್ತಲಾಗುತ್ತಿದ್ದಂತೆ ಹೊರಬರುತ್ತವೆ. ಹೀಗೆ ಈ ಮಲೇರಿಯಾದ ಸಂಸಾರದಲ್ಲಿ ಓತಿ, ನೊಣ, ಪರಾವಲಂಬಿಗಳ ಜೊತೆಗೆ, ತಾನು ಸೋಂಕಿಗೆ ಒಳಗಾಗದೆ ಕೇವಲ ಮನೆ ಕಟ್ಟಿಕೊಡುವ ಅಳಿಲೂ ಸದಸ್ಯನೇ.

ನೊಣದ ಪಾಲಿಗೆ ಕಾಲದ ಲೆಕ್ಕ ಬಿಗಿಯಾದದ್ದು. ಸೋಂಕಿತ ಓತಿಯ ರಕ್ತ ಹೀರಿದ ಹೆಣ್ಣು ನೊಣ ಆ ರಕ್ತದಿಂದ ಮೊಟ್ಟೆ ಮಾಡಿ, ಇಟ್ಟು, ಬದುಕಿ ಉಳಿದು, ಎರಡನೆಯ ಓತಿಯನ್ನು ಕಚ್ಚಬೇಕು. ಅಷ್ಟರೊಳಗೆ ಪರಾವಲಂಬಿಯು ಅದರ ಹೊಟ್ಟೆಯ ಗೋಡೆಯಲ್ಲಿ ಬೆಳೆದು ಜೊಲ್ಲುಗ್ರಂಥಿಯನ್ನು ಸೇರಿರಬೇಕು. ಮೊಟ್ಟೆ ಬಲಿಯುವ ವೇಗವೂ ಪರಾವಲಂಬಿ ಬೆಳೆಯುವ ವೇಗವೂ ಬಿಲದ ಉಷ್ಣತೆಗೆ ಕಟ್ಟುಬಿದ್ದಿವೆ. 1995ರಲ್ಲಿ ಫಿಯಾಲ್ಹೊ ಮತ್ತು ಶಾಲ್ ಪ್ರಕಟಿಸಿದ ಅಧ್ಯಯನ ಈ ಉಷ್ಣತೆಯ ಲೆಕ್ಕವನ್ನೇ ಕುರಿತದ್ದು. ಒಂದೇ ಕೇಂದ್ರದೊಳಗೆ ಕೆಲವು ತಾಣಗಳಲ್ಲಿ ಸೋಂಕು ಹೆಚ್ಚು, ಕೆಲವೆಡೆ ತೀರಾ ಕಡಿಮೆ ಇರುವುದಕ್ಕೂ ಇಂಥ ಸಣ್ಣ ಅಳತೆಯ ನೆಲದ ಗುಣಗಳನ್ನೇ ನೋಡಬೇಕಾಗುತ್ತದೆ. ಓತಿಗಳು ಎಲ್ಲೆಡೆ ಇವೆ, ಬಿಲಗಳೂ ನೊಣಗಳೂ ಎಲ್ಲೆಡೆ ಒಂದೇ ಸಮನಾಗಿಲ್ಲ.

ರಕ್ತದಿಂದ ಉಸಿರಿಗೆ, ಉಸಿರಿನಿಂದ ಓಟಕ್ಕೆ

1982ರಲ್ಲಿ ಶಾಲ್, ಬೆನೆಟ್ ಮತ್ತು ಪುಟ್ನಮ್ ಪ್ರಕಟಿಸಿದ ಫಲಿತಾಂಶಗಳು ಈ ಪ್ರಕರಣದ ತಿರುಳು. ಆರೋಗ್ಯವಂತ ಓತಿಯ ರಕ್ತದಲ್ಲಿ ಇನ್ನೂ ಬಲಿಯದ ಎಳೆಯ ಕೆಂಪು ಕಣಗಳು ವಿರಳ. ಸೋಂಕಿತ ಓತಿಗಳಲ್ಲಿ ಅವು ಶೇಕಡಾ 1ರಿಂದ 30ರವರೆಗೆ ಏರಿದ್ದವು. ಪರಾವಲಂಬಿ ಸೀಳಿಹಾಕಿದ ಕಣಗಳ ಜಾಗ ತುಂಬಲು ದೇಹವು ಅರೆಬೆಂದ ಕಣಗಳನ್ನೇ ಹರಿವಿಗೆ ಬಿಡುತ್ತದೆ ಎಂಬುದು ಇದರ ಅರ್ಥ. ಎಳೆಯ ಕಣದಲ್ಲಿ ಹಿಮೋಗ್ಲೋಬಿನ್ ಇನ್ನೂ ತುಂಬಿರುವುದಿಲ್ಲವಾದ್ದರಿಂದ ಒಟ್ಟು ಹಿಮೋಗ್ಲೋಬಿನ್ ಶೇಕಡಾ 25ರಷ್ಟು ತಗ್ಗಿತ್ತು. ಆಮ್ಲಜನಕ ಹೊರುವ ಸಾಮಾನೇ ಕಡಿಮೆಯಾದ ಮೇಲೆ ಗರಿಷ್ಠ ಆಮ್ಲಜನಕ ಬಳಕೆಯೂ ಇಳಿಯಬೇಕು. ಅದು ಶೇಕಡಾ 15ರಷ್ಟು ಇಳಿದಿತ್ತು. ವಿಶ್ರಾಂತಿಯಲ್ಲಿ ಬಳಸುವುದಕ್ಕೂ ಗರಿಷ್ಠಕ್ಕೂ ನಡುವಿನ ಅಂತರ, ಎಂದರೆ ದುಡಿಮೆಗೆಂದು ದೇಹ ಕೈಯಲ್ಲಿಟ್ಟುಕೊಂಡ ಬಂಡವಾಳ, ಶೇಕಡಾ 29ರಷ್ಟು ಕುಗ್ಗಿತ್ತು.

ಓತಿಗಳನ್ನು ಓಡಿಸಿ ನೋಡಿದಾಗ ಸಿಕ್ಕ ಫಲಿತಾಂಶ ನನಗೆ ಇಡೀ ಅಧ್ಯಯನದ ಅತಿ ಚೆಲುವಾದ ಭಾಗವೆನಿಸುತ್ತದೆ. ಬೆಚ್ಚಿಬಿದ್ದು ಒಮ್ಮೆಲೆ ದೌಡಾಯಿಸುವ ವೇಗದಲ್ಲಿ ಸೋಂಕಿತ ಓತಿಗೂ ಸೋಂಕಿಲ್ಲದ್ದಕ್ಕೂ ವ್ಯತ್ಯಾಸವಿರಲಿಲ್ಲ. ಓಟವನ್ನು ಮುಂದುವರಿಸಬೇಕಾದಾಗ ಮಾತ್ರ ಸೋಂಕಿತ ಓತಿ ಬೇಗ ಸೋತಿತು. ಓತಿಯ ಕ್ಷಣಿಕ ದೌಡು ಬಹುಮಟ್ಟಿಗೆ ಆಮ್ಲಜನಕದ ನೆರವಿಲ್ಲದೆ ಸ್ನಾಯುಗಳಲ್ಲೇ ಹುಟ್ಟುವ ಶಕ್ತಿಯಿಂದ ನಡೆಯುವಂಥದ್ದು. ರಕ್ತ ತೆಳುವಾದರೂ ಅದಕ್ಕೆ ಧಕ್ಕೆಯಿಲ್ಲ. ಬೇಲಿಗೂಟದ ಬಳಿ ಹೋದಾಗ ನಮ್ಮೆದುರು ಪ್ರದರ್ಶನವಾಗುವುದು ಈ ದೌಡು ಮಾತ್ರ, ಆದ್ದರಿಂದಲೇ ಸೋಂಕಿತ ಪ್ರಾಣಿ ನೋಡುವವನ ಕಣ್ಣಿಗೆ ಆರೋಗ್ಯವಂತವಾಗಿ ಕಾಣುತ್ತದೆ. ಗಿಡುಗನ ಕಣ್ಣಿಗೂ ಬಹುಶಃ ಹಾಗೆಯೇ.

ಕೊಬ್ಬು, ಮೊಟ್ಟೆ, ನೀಲಿ ಹೊಟ್ಟೆ

ತಾಳಿಕೆ ಕುಗ್ಗಿದ ಪ್ರಾಣಿ ದಿನವಿಡೀ ಮಾಡುವ ಸಣ್ಣಪುಟ್ಟ ಕೆಲಸಗಳಲ್ಲಿ ಹಿಂದೆ ಬೀಳುತ್ತದೆ; ಕೀಟ ಹುಡುಕುವುದು, ಎಲ್ಲೆ ಕಾಯುವುದು, ಹೆಣ್ಣನ್ನು ಒಲಿಸುವುದು ಎಲ್ಲವೂ ಮೆಲ್ಲಮೆಲ್ಲನೆ ಕಡಿಮೆಯಾಗುತ್ತವೆ. ಹೆಣ್ಣು ಓತಿ ಬೇಸಗೆಯ ಕೊನೆಯಲ್ಲಿ ಹೊಟ್ಟೆಯೊಳಗೆ ಕೊಬ್ಬು ಕೂಡಿಟ್ಟುಕೊಂಡು ಚಳಿಗಾಲದ ನಿದ್ರೆಗೆ ಜಾರುತ್ತದೆ, ಮುಂದಿನ ವಸಂತದ ಮೊಟ್ಟೆಗಳಿಗೆ ಆ ಕೊಬ್ಬೇ ಮೂಲ. 1983ರಲ್ಲಿ ಶಾಲ್ ತೋರಿಸಿದಂತೆ, ಸೋಂಕಿತ ಹೆಣ್ಣುಗಳ ಕೊಬ್ಬಿನ ಕೂಡಿಕೆ ಕಡಿಮೆ, ಮತ್ತು ಅವು ಇಡುವ ಮೊಟ್ಟೆಗಳು ಒಂದು ಸೂಲಿಗೆ ಒಂದೆರಡು ಕಡಿಮೆ. ಕೊರತೆಯಾದ ಕೊಬ್ಬನ್ನೂ ಕೊರತೆಯಾದ ಮೊಟ್ಟೆಗಳನ್ನೂ ಶಕ್ತಿಯ ಲೆಕ್ಕಕ್ಕೆ ಇಳಿಸಿದರೆ ಎರಡೂ ಬಹುಮಟ್ಟಿಗೆ ತಾಳೆಯಾಗುತ್ತವೆ. ರಕ್ತದ ಹನಿಯಲ್ಲಿ ಆರಂಭವಾದ ಸರಪಣಿಯ ಕೊನೆಯ ಕೊಂಡಿ ಗೂಡಿನ ಮಣ್ಣಿನಲ್ಲಿ ಸಿಗುವುದು ಹೀಗೆ.

ಗಂಡಿನ ನಷ್ಟ ಬೇರೆ ಬಗೆಯದು. ಗಂಡು ಓತಿಯು ಎದುರಾಳಿಯ ಮುಂದೆ ಮುಂಗಾಲು ಊರಿ ಮೈಯನ್ನು ಮೇಲೆ ಕೆಳಗೆ ಮಾಡುತ್ತಾ, ಪಕ್ಕೆಯನ್ನು ಚಪ್ಪಟೆಯಾಗಿಸಿ ನೀಲಿ ಪಟ್ಟೆಯನ್ನು ತೋರಿಸುತ್ತದೆ. ನಮ್ಮ ಓತಿಕ್ಯಾತ ದಂಡ ಹೊಡೆಯುವುದನ್ನು ಕಂಡವರಿಗೆ ಈ ನೋಟ ಹೊಸದೇನಲ್ಲ. ಸೋಂಕಿತ ಗಂಡನ್ನೂ ಸೋಂಕಿಲ್ಲದ ಗಂಡನ್ನೂ ಒಂದು ಹೆಣ್ಣಿನೊಂದಿಗೆ ಒಂದೇ ಆವರಣದಲ್ಲಿ ಬಿಟ್ಟಾಗ ಮೇಲುಗೈ ಪಡೆದದ್ದು ಹೆಚ್ಚಾಗಿ ಸೋಂಕಿಲ್ಲದ್ದು ಎಂದು ಶಾಲ್ ಮತ್ತು ಡಿಯರಿಂಗ್ 1987ರಲ್ಲಿ ವರದಿ ಮಾಡಿದರು. ಎರಡು ವರ್ಷಗಳ ಬಳಿಕ ರೆಸೆಲ್ ಮತ್ತು ಶಾಲ್, ಸೋಂಕಿತ ಗಂಡುಗಳ ಹೊಟ್ಟೆಯ ಮೇಲೆ ಕಪ್ಪು ಹರಡಿರುವುದು ಹೆಚ್ಚು ಎಂಬುದನ್ನು ದಾಖಲಿಸಿದರು. ರೋಗದ ಗುರುತು ಹೊರಗೆ ಕಾಣುವುದೇ ಇಲ್ಲ ಎಂದು ಆರಂಭದಲ್ಲಿ ಹೇಳಿದ್ದನ್ನು ಇಲ್ಲಿ ಸ್ವಲ್ಪ ತಿದ್ದಿಕೊಳ್ಳಬೇಕು: ಅದು ಹೊಟ್ಟೆಯ ಅಡಿಯಲ್ಲಿ, ಮತ್ತೊಂದು ಓತಿಗೆ ಕಾಣುವ ಕಡೆ ಇದೆ. 1995ರಲ್ಲಿ ಡನ್‌ಲಪ್ ಮತ್ತು ಶಾಲ್ ಸೋಂಕಿತ ಗಂಡುಗಳ ಹಾರ್ಮೋನುಗಳನ್ನು ಅಳೆದಾಗ ಟೆಸ್ಟೋಸ್ಟೆರೋನ್ ಕಡಿಮೆಯಿತ್ತು.

ಆಕ್ಷೇಪವೊಂದು

ಇಲ್ಲಿಯವರೆಗಿನ ಹೋಲಿಕೆಗಳಿಗೆಲ್ಲ ಒಂದು ನ್ಯಾಯವಾದ ಆಕ್ಷೇಪವಿದೆ. ಕಾಡಿನಲ್ಲಿ ಯಾವ ಓತಿಗೆ ಸೋಂಕು ತಗುಲಬೇಕೆಂದು ಸಂಶೋಧಕರು ಚೀಟಿ ಎತ್ತಿ ನಿರ್ಧರಿಸಿದ್ದಲ್ಲ. ಮೊದಲೇ ಬಡಕಲಾಗಿದ್ದ ಓತಿಗೆ ಸೋಂಕು ಸುಲಭವಾಗಿ ಅಂಟಿತೋ, ಸೋಂಕಿನಿಂದ ಅದು ಬಡಕಲಾಯಿತೋ? ಸೋಂಕಿತ ರಕ್ತವನ್ನು ಆರೋಗ್ಯವಂತ ಓತಿಗಳಿಗೆ ಚುಚ್ಚಿ, ಸೋಂಕು ಬೆಳೆಯುವ ಬಗೆಯನ್ನು ತಿಂಗಳುಗಟ್ಟಲೆ ಹಿಂಬಾಲಿಸುವ ಪ್ರಯೋಗಗಳನ್ನು ಹೋಪ್‌ಲ್ಯಾಂಡ್‌ನಲ್ಲಿ ಮತ್ತೆ ಮತ್ತೆ ಮಾಡಿದ್ದಕ್ಕೆ ಇಂಥ ಅನುಮಾನವೂ ಒಂದು ಕಾರಣವೆಂದು ತಿಳಿಯಬಹುದು. ಹಿಮೋಗ್ಲೋಬಿನ್ನಿನ ವಿಷಯದಲ್ಲಿ ನನಗೆ ಅನುಮಾನ ಉಳಿದಿಲ್ಲ, ಏಕೆಂದರೆ ಅಲ್ಲಿ ಕಾರಣದಿಂದ ಪರಿಣಾಮಕ್ಕೆ ಹೋಗುವ ದಾರಿ ಗಾಜಿನ ಪಟ್ಟಿಯ ಮೇಲೆಯೇ ಕಾಣುತ್ತದೆ. ಎದುರಾಳಿಯೊಂದಿಗಿನ ಸೆಣಸಾಟದಲ್ಲಿ ಸೋತದ್ದಕ್ಕೂ ಪರಾವಲಂಬಿಯೇ ನೇರ ಹೊಣೆ ಎನ್ನುವಾಗ ಅಷ್ಟು ಧೈರ್ಯ ಬರುವುದಿಲ್ಲ.

ಇನ್ನು ಸಾವು. ರಕ್ತಹೀನತೆ, ಕೊಬ್ಬಿನ ಕೊರತೆ ಎಲ್ಲ ಸೇರಿ ಸೋಂಕಿತ ಓತಿಗಳು ಬೇಗ ಸಾಯಬೇಕೆಂದು ಯಾರಿಗಾದರೂ ಅನಿಸುವುದು ಸಹಜ, ಅದರಲ್ಲೂ ಕೂಡಿಟ್ಟ ಕೊಬ್ಬಿನ ಮೇಲೆ ಬದುಕುವ ಚಳಿಗಾಲದಲ್ಲಿ. ರೆಬೆಕ್ಕಾ ಐಸೆನ್ ನಾಲ್ಕು ವರ್ಷ ಗುರುತು ಹಾಕಿದ ಓತಿಗಳನ್ನು ಹಿಂಬಾಲಿಸಿ, ವಾರ್ಷಿಕ ಸಾವಿನಲ್ಲೂ ಚಳಿಗಾಲದ ಸಾವಿನಲ್ಲೂ ಸೋಂಕಿನಿಂದ ಆದ ಹೆಚ್ಚಳ ಅಳತೆಗೆ ಸಿಗಲಿಲ್ಲವೆಂದು 2001ರಲ್ಲಿ ಪ್ರಕಟಿಸಿದರು. ಒಂದು ಸಲ ತಗುಲಿದ ಸೋಂಕು ಓತಿಯ ಜೀವಮಾನವಿಡೀ ಉಳಿಯುವಂಥದ್ದು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಮರಳುನೊಣ ಇರುವುದು ಬೆಚ್ಚಗಿನ ಕೆಲವೇ ತಿಂಗಳು. ಓತಿ ಚಳಿಗಾಲದಲ್ಲಿ ಸತ್ತರೆ ಅದರೊಳಗಿನ ಪರಾವಲಂಬಿಯ ವಂಶವೂ ಅಲ್ಲಿಗೆ ಮುಗಿಯುತ್ತದೆ, ಆದರೆ ಮೊಟ್ಟೆ ಎರಡು ಕಡಿಮೆಯಾದರೆ ಅದಕ್ಕೆ ಅಂಥ ನಷ್ಟವೇನೂ ಇಲ್ಲ. ಹಳೆಯ ಪರಾವಲಂಬಿ ಕಾಲಕ್ರಮದಲ್ಲಿ ಸಾಧುವಾಗುತ್ತದೆ ಎಂಬ ನಂಬಿಕೆ ಪಾಠಪುಸ್ತಕಗಳಲ್ಲಿ ಬಹುಕಾಲ ಇತ್ತು. ಹೋಪ್‌ಲ್ಯಾಂಡ್‌ನ ಪರಾವಲಂಬಿ ಸಾವಿನ ವಿಷಯದಲ್ಲಿ ಸಾಧು, ಸಂತಾನದ ವಿಷಯದಲ್ಲಿ ಅಲ್ಲ.

ಇಂಥ ಕಾಣದ ನಷ್ಟವು ಎರಡು ಜಾತಿಗಳ ನಡುವಿನ ತಕ್ಕಡಿಯನ್ನೂ ವಾಲಿಸಬಲ್ಲದೇ? ಕೆರಿಬಿಯನ್ನಿನ ಸೇಂಟ್ ಮಾರ್ಟಿನ್ ದ್ವೀಪದಲ್ಲಿ ಪೈಪೋಟಿಯಲ್ಲಿ ಬಲವಾದ ಅನೋಲಿಸ್ ಜಿಂಜಿವಿನಸ್ ಎಂಬ ಓತಿ ದ್ವೀಪದ ತುಂಬ ಇದೆ, ದುರ್ಬಲವಾದ ಅನೋಲಿಸ್ ವಾಟ್ಸಿ ನಡುವಿನ ಗುಡ್ಡಗಳಲ್ಲಿ ಮಾತ್ರ. ಬೇರೊಂದು ಮಲೇರಿಯಾ ಬಲವಾದದ್ದಕ್ಕೆ ಅಂಟಿರುವ ತಾಣಗಳಲ್ಲೇ ದುರ್ಬಲವಾದದ್ದೂ ಇರುತ್ತದೆ ಎಂದು ಶಾಲ್ 1992ರಲ್ಲಿ ತೋರಿಸಿದರು. ಅಲ್ಲಿಯದು ನಕ್ಷೆಯ ಸಾಕ್ಷ್ಯ, ಪ್ರಯೋಗದ್ದಲ್ಲ. ಆದರೂ ಕ್ಯಾಲಿಫೋರ್ನಿಯಾದ ಅಳತೆಗಳು ಇಲ್ಲದಿದ್ದರೆ ಆ ನಕ್ಷೆಯನ್ನು ಹಾಗೆ ಓದುವ ಯೋಚನೆ ಸುಲಭವಾಗಿ ಬರುತ್ತಿರಲಿಲ್ಲ.

ಒಂದು ಓತಿಯೊಳಗೆ ಎಷ್ಟು ಮಲೇರಿಯಾ?

ಹೋಪ್‌ಲ್ಯಾಂಡ್‌ಗೇ ಮರಳೋಣ. ಡಿಎನ್‌ಎ ಗುರುತುಗಳನ್ನು ಬಳಸತೊಡಗಿದ ಮೇಲೆ ಒಂದೇ ಓತಿಯ ರಕ್ತದಲ್ಲಿ ಪರಾವಲಂಬಿಯ ಬೇರೆ ಬೇರೆ ತದ್ರೂಪಿ ವಂಶಗಳು, ಎಂದರೆ ಒಂದೊಂದು ಕೋಶದಿಂದ ಒಡೆದು ಬೆಳೆದ ಗುಂಪುಗಳು, ಒಟ್ಟಿಗೆ ಇರಬಹುದೆಂಬುದು ಸ್ಪಷ್ಟವಾಯಿತು. ಇದರಿಂದ ಹುಟ್ಟಿದ ಪ್ರಶ್ನೆ ಗಂಡು ಹೆಣ್ಣಿನ ಪ್ರಮಾಣಕ್ಕೆ ಸಂಬಂಧಿಸಿದ್ದು. ಪರಾವಲಂಬಿಯ ಗಂಡು ರೂಪವೂ ಹೆಣ್ಣು ರೂಪವೂ ಕೂಡುವುದು ನೊಣದ ಹೊಟ್ಟೆಯಲ್ಲಿ, ಆ ಒಂದು ಗುಟುಕು ರಕ್ತದೊಳಗೆ. ಓತಿಯಲ್ಲಿ ಒಂದೇ ವಂಶವಿದ್ದರೆ ಗಂಡುಗಳು ತಮ್ಮ ಸೋದರರೊಂದಿಗೇ ಪೈಪೋಟಿಗೆ ಇಳಿದಂತಾಗುವುದರಿಂದ ಹೆಚ್ಚು ಗಂಡುಗಳನ್ನು ಹುಟ್ಟಿಸುವುದು ದಂಡ. ಪರಕೀಯ ವಂಶವೂ ಇದ್ದರೆ ಗಂಡುಗಳ ಸಂಖ್ಯೆ ಹೆಚ್ಚಿಸುವುದರಲ್ಲಿ ಲಾಭವಿದೆ. ಅಂಜೂರದ ಕಣಜ ಮೊದಲಾದ ಕೀಟಗಳನ್ನು ವಿವರಿಸಲು ಬಳಕೆಯಾದ ಈ ಲೆಕ್ಕವನ್ನು 2014ರಲ್ಲಿ ನೀಲ್ ಮತ್ತು ಶಾಲ್ ಓತಿಯ ಮಲೇರಿಯಾಕ್ಕೆ ಅನ್ವಯಿಸಿ ನೋಡಿದರು. ಗಾಜಿನ ಪಟ್ಟಿಯ ಮೇಲೆ ಗಂಡು ರೂಪ, ಹೆಣ್ಣು ರೂಪಗಳು ಬಣ್ಣ ಹಿಡಿಯುವ ಬಗೆ ಬೇರೆಯಾದ್ದರಿಂದ ಎಣಿಕೆ ಸಾಧ್ಯವಾಗುತ್ತದೆ.

ಒಂದೇ ವಂಶದ ಸೋಂಕುಗಳಲ್ಲಿ ಹೆಣ್ಣು ರೂಪಗಳು ತುಸು ಹೆಚ್ಚಿದ್ದವು, ಸಿದ್ಧಾಂತ ಹೇಳಿದಂತೆಯೇ. ಸಂಶೋಧಕರು ತಾವೇ ಹಲವು ವಂಶಗಳನ್ನು ಬೆರೆಸಿ ಚುಚ್ಚಿದ ಓತಿಗಳಲ್ಲಿ ಆ ಒಲವು ತಗ್ಗಿತು; ಅದೂ ಸಿದ್ಧಾಂತಕ್ಕೆ ಒಪ್ಪಿತು. ಗುಡ್ಡದಲ್ಲಿ ಕುಣಿಕೆ ಹಾಕಿ ಹಿಡಿದು ತಂದ, ಸ್ವಾಭಾವಿಕವಾಗಿ ಸೋಂಕು ಪಡೆದ ಓತಿಗಳ ರಕ್ತಲೇಪನಗಳನ್ನು ಎಣಿಸಿದಾಗ ಮಾತ್ರ, ವಂಶಗಳು ಹೆಚ್ಚಿದ್ದರೂ ಗಂಡು ಹೆಣ್ಣಿನ ಪ್ರಮಾಣ ಲೆಕ್ಕ ಹೇಳಿದ ಹಾಗೆ ಬದಲಾಗಿರಲಿಲ್ಲ.